ಎರಡು ಪಾರಿವಾಳದ ಮರಿಗಳು

(ಪವಿತ್ರ ಕುಟುಂಬದ ಹಬ್ಬದಂದು ಯಾಪಲದಿನ್ನಿ ಹಾಗೂ ಸುತ್ತಲಿನ ಹಳ್ಳಿಗಳ ಕುಟುಂಬಗಳಿಗೆ ನೀಡಿದ ಪ್ರಬೋಧನೆ)

ವಾಚನಗಳು: ಸಿರಾಖ 3:2-6, 12-14, ಕೊಲೊಸ್ಸೆ 3:12-21, ಲೂಕ 2:22-40



ಕ್ರಿಸ್ಮಸ್ ಮುಗಿದು ಇನ್ನೂ ವಾರ ಕಳೆದಿಲ್ಲ. ಗೋದಲಿ ಹಾಗೇ ಇದೆ. ಮನೆಗಳ ಮುಂದೆ ಕಟ್ಟಿದ ನಕ್ಷತ್ರದ ದೀಪ ಇನ್ನೂ ಉರಿಯುತ್ತಿದೆ. ಇಂಥ ಸಮಯದಲ್ಲಿ ಮಾತೆಯಾದ ಧರ್ಮಸಭೆ ನಮ್ಮನ್ನು ಕೈಹಿಡಿದು ನಜರೇತಿನ ಒಂದು ಮನೆಗೆ ಕರೆದೊಯ್ಯುತ್ತದೆ. ಈ ಹಬ್ಬವನ್ನು 1893ರಲ್ಲಿ ಸ್ಥಾಪಿಸಿದವರು ಪೋಪ್ ಹದಿಮೂರನೇ ಲಿಯೋರವರು. 1921ರಲ್ಲಿ ಪೋಪ್ ಹದಿನೈದನೇ ಬೆನೆಡಿಕ್ಟ್‌ರವರು ಇದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಕಾರ್ಖಾನೆಗಳು ಬೆಳೆದು, ದುಡಿಯುವವರ ಮನೆಗಳು ಚದುರುತ್ತಿದ್ದ ಕಾಲವದು. ನಮ್ಮ ಕಡೆ ಬೆಂಗಳೂರಿಗೆ ಗುಳೆ ಹೋಗುವವರನ್ನು ನೋಡಿದವರಿಗೆ ಈ ಹಬ್ಬದ ಅಗತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇಂದಿನ ಶುಭಸಂದೇಶದಲ್ಲಿ ನಾವು ಅವಸರದಿಂದ ದಾಟಿಬಿಡುವ ಒಂದು ಮಾತಿದೆ. ಮರಿಯಮ್ಮನವರೂ ಜೋಸೆಫರೂ ಹಸುಗೂಸನ್ನು ಎತ್ತಿಕೊಂಡು ಜೆರುಸಲೇಮಿನ ಮಹಾದೇವಾಲಯಕ್ಕೆ ಬಂದರು. ಕಾಣಿಕೆಯಾಗಿ ಎರಡು ಹಕ್ಕಿಗಳನ್ನು ಕೊಡಲು ಬಂದರು ಎಂದು ಸಂತ ಲೂಕರು ಬರೆಯುತ್ತಾರೆ. ಬೆಳವಕ್ಕಿಗಳಾಗಲಿ, ಪಾರಿವಾಳದ ಮರಿಗಳಾಗಲಿ, ಎರಡೇ. ಇದೇಕೆ ಎರಡು ಹಕ್ಕಿ ಎಂದು ತಿಳಿಯಬೇಕಾದರೆ ಯಾಜಕಕಾಂಡದ 12ನೇ ಅಧ್ಯಾಯವನ್ನು ತೆರೆಯಬೇಕು. ಹೆರಿಗೆಯಾದ ತಾಯಿ ಶುದ್ಧೀಕರಣದ ದಿನ ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕೆಂಬುದು ಅಲ್ಲಿನ ನಿಯಮ. ಕುರಿಮರಿ ತರುವ ಶಕ್ತಿ ಇಲ್ಲದವಳು ಎರಡು ಹಕ್ಕಿಗಳನ್ನು ತಂದರೆ ಸಾಕು ಎಂದು ಕೊನೆಯಲ್ಲಿ ಸೇರಿಸಲಾಗಿದೆ. ಸೆಮಿನರಿಯಲ್ಲಿ ಓದುವಾಗ ಈ ಅಧ್ಯಾಯ ನಮಗೆ ಬರೀ ಒಣ ಕಾನೂನಿನ ಹಾಗೆ ಕಂಡಿತ್ತು. ಧರ್ಮಕೇಂದ್ರಕ್ಕೆ ಬಂದ ಮೇಲೆಯೇ ಅದರ ಕೊನೆಯ ಸಾಲಿನ ಕರುಣೆ ಅರ್ಥವಾದದ್ದು.

ಜೋಸೆಫರು ಬಡಗಿ. ಬೇಕಾದರೆ ಯಾರ ಬಳಿಯಾದರೂ ಸಾಲ ಎತ್ತಿ ಕುರಿಮರಿ ತರಬಹುದಿತ್ತು. ಚೊಚ್ಚಲ ಗಂಡುಮಗು, ಅದೂ ದೇವದೂತನಿಂದ ಹೆಸರು ಪಡೆದ ಮಗು. ನಾಲ್ಕು ಜನರ ಎದುರು ಕುರಿಮರಿ ಹಿಡಿದು ನಿಂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ಬಡವರ ಕಾಣಿಕೆಯನ್ನು ಬಡವರಂತೆಯೇ ಹಿಡಿದು, ತಲೆ ತಗ್ಗಿಸದೆ ಅವರು ಒಳಗೆ ಬಂದರು. ಮುದುಕ ಸಿಮೆಯೋನನು ಅವರ ಕೈಯಲ್ಲಿದ್ದ ಕಾಣಿಕೆಯನ್ನು ನೋಡಲಿಲ್ಲ. ಮಗುವನ್ನು ನೋಡಿದನು, ಎತ್ತಿಕೊಂಡನು, ದೇವರನ್ನು ಕೊಂಡಾಡಿದನು.

ಒಮ್ಮೆ ಧರ್ಮೋಪದೇಶದ ತರಗತಿಯಲ್ಲಿ ಒಬ್ಬ ಹುಡುಗ ನಮ್ಮನ್ನು ಕೇಳಿದ: "ಫಾದರ್, ಜ್ಞಾನಿಗಳು ಚಿನ್ನ ಕೊಟ್ಟಿದ್ರಲ್ಲ, ಮತ್ತ ಕುರಿಮರಿ ಯಾಕ ತರಲಿಲ್ಲ?" ಒಳ್ಳೆಯ ಪ್ರಶ್ನೆ. ಜ್ಞಾನಿಗಳು ಬಂದದ್ದು ಇದಾದ ಮೇಲೆ ಇರಬೇಕೆಂದು ಉತ್ತರ ಕೊಟ್ಟೆವು. ಆ ಚಿನ್ನ ಏನಾಯಿತು ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ. ಹೆರೋದನ ಕತ್ತಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಕುಟುಂಬಕ್ಕೆ ಅದು ದಾರಿಖರ್ಚಿಗೆ ಆಗಿರಬೇಕೆಂದು ನಾವು ಅಂದುಕೊಳ್ಳುತ್ತೇವೆ.

ಈಗ ನಮ್ಮ ಮನೆಗಳಿಗೆ ಬರೋಣ. ಮೊದಲು ಗುರುಗಳಾದ ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ.

ಕಳೆದ ವರ್ಷ ನಮ್ಮ ದೇವಾಲಯದ ಹಬ್ಬಕ್ಕೆ ಮನೆಗೆ 1,000 ರೂಪಾಯಿ ಪಟ್ಟಿ ಎಂದು ಹಿರಿಯರೊಡನೆ ಕೂತು ನಿರ್ಧರಿಸಿದೆವು. ಶಾಮಿಯಾನ, ಲೈಟಿನ ಸರ, ಬ್ಯಾಂಡು, ಧ್ವನಿವರ್ಧಕ, ಊಟ. ಕೊಟ್ಟವರ ಹೆಸರನ್ನು ಬಲಿಪೂಜೆಯ ಕೊನೆಗೆ ಓದಿದೆವು. ಹಬ್ಬ ಬಹಳ ಚೆನ್ನಾಗಿ ಆಯಿತೆಂದು ಎಲ್ಲರೂ ಹೊಗಳಿದರು, ನಾವೂ ಹಿಗ್ಗಿದೆವು. ಎರಡು ತಿಂಗಳ ನಂತರ ಒಂದು ಮನೆಗೆ ಭೇಟಿಗೆ ಹೋದೆವು. ಹತ್ತಿ ಬಿಡಿಸಿ ಆಗತಾನೇ ಬಂದ ತಾಯಿ ಚಹಾ ಕೊಟ್ಟರು. ಮಾತಿನ ನಡುವೆ ಗೊತ್ತಾಯಿತು, ಪಟ್ಟಿಯ ದುಡ್ಡು ಅವರು ಸಾಲ ತೆಗೆದು ಕೊಟ್ಟದ್ದು. "ಯಾಕವ್ವಾ, ಹೇಳಿದ್ದರೆ ಬಿಡುತ್ತಿದ್ದೆವಲ್ಲ" ಎಂದೆವು. ಅವರು ಹೇಳಿದ್ದು: "ಎಲ್ಲಾರ ಹೆಸರು ಓದ್ತೀರಿ ಫಾದರ್. ನಮ್ಮದೊಂದ ಬಿಟ್ಟರ ಹ್ಯಾಂಗ್ರಿ? ಮಕ್ಕಳು ಕೇಳ್ತಿರತಾವ."

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಜೆರುಸಲೇಮಿನ ದೇವಾಲಯದಲ್ಲಿ ಇಲ್ಲದವರಿಗಾಗಿ ಎರಡು ಹಕ್ಕಿಯ ನಿಯಮ ಇತ್ತು. ನಮ್ಮ ದೇವಾಲಯದಲ್ಲಿ ಇದ್ದದ್ದು ಕುರಿಮರಿಯ ನಿಯಮ ಮಾತ್ರ.

ಆ ತಾಯಿ ಸಾಲ ತೆಗೆದದ್ದು 'ಸಂಘ'ದಲ್ಲಿ. ನಮ್ಮ ಕಡೆ ಎರಡು ಬೇರೆ ಬೇರೆ ವಿಷಯಗಳಿಗೆ ಈ ಒಂದೇ ಹೆಸರು. ಹತ್ತು ಹದಿನೈದು ಹೆಣ್ಣುಮಕ್ಕಳು ವಾರವಾರ ಕೂಡಿಸಿದ ಹಣವನ್ನು ತಾವೇ ಹಂಚಿಕೊಳ್ಳುವ ಸ್ವಸಹಾಯ ಗುಂಪೂ ಸಂಘ. ಮೋಟಾರ್ ಸೈಕಲ್ಲಿನಲ್ಲಿ ಬಂದು ಆಧಾರ್ ಕಾರ್ಡ್ ನೋಡಿ ಸಾಲ ಕೊಟ್ಟು ಕಂತು ವಸೂಲಿ ಮಾಡುವ ಕಿರುಸಾಲ ಕಂಪನಿಯೂ ಸಂಘ. ಮೊದಲನೆಯದರಲ್ಲಿ ಬಡ್ಡಿ ನಿಮ್ಮ ಗುಂಪಿಗೇ ತಿರುಗಿ ಬರುತ್ತದೆ. ಎರಡನೆಯದರಲ್ಲಿ ಹೊರಗೆ ಹೋಗುತ್ತದೆ. ಒಬ್ಬಳು ಕಂತು ತಪ್ಪಿಸಿದರೆ ಜೊತೆಯವರು ಅವಳ ಬಾಗಿಲಲ್ಲಿ ಕೂರಬೇಕಾಗುತ್ತದೆ. ಗೆಳತಿಯರು ಗೆಳತಿಯರಾಗಿ ಉಳಿಯುವುದಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿ, ಕೊನೆಗೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿಯನ್ನು ನಮ್ಮ ರಾಜ್ಯದಲ್ಲಿ ಎಲ್ಲರೂ ಓದಿದ್ದೇವೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆಯ ಮುಂದೆ ನಿಂತು ಹೆದರಿಸುವವನನ್ನು ಕಾನೂನು ತಡೆಯಬಹುದು. ಹಬ್ಬದ ಹಿಂದಿನ ದಿನ ಸಾಲದ ಕಾಗದಕ್ಕೆ ಸಹಿ ಹಾಕುವ ನಮ್ಮ ಕೈಯನ್ನು ಅದು ಹಿಡಿಯುವುದಿಲ್ಲ.

ಇಂದಿನ ಮೊದಲನೆಯ ವಾಚನವನ್ನು ಸಿರಾಖನ ಗ್ರಂಥದಿಂದ ಕೇಳಿದೆವು. ತಂದೆತಾಯಿಯರನ್ನು ಗೌರವಿಸಿ ಎಂದು ಹೇಳುವ ಅದೇ ಜ್ಞಾನಿ, 18ನೇ ಅಧ್ಯಾಯದ ಕೊನೆಗೆ ಬರುವಾಗ ಮನೆಯ ಹಿರಿಯನಂತೆ ಗದರುತ್ತಾನೆ: ಚೀಲದಲ್ಲಿ ಕಾಸಿಲ್ಲದಿರುವಾಗ ಸಾಲದ ಹಣದಲ್ಲಿ ಔತಣ ಮಾಡಿ ಭಿಕಾರಿಯಾಗಬೇಡ ಎಂಬುದು ಅವನ ಮಾತಿನ ಸಾರಾಂಶ. ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದದ್ದು. ಅಂದೂ ಇದೇ ಕಥೆ ಇತ್ತೆಂದಾಯಿತು.

ಸ್ವಲ್ಪ ಲೆಕ್ಕ ಹಾಕೋಣ. ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 20,000 ರೂಪಾಯಿ ತಂದು ಕ್ರಿಸ್ಮಸ್ ಮಾಡಿದಿರಿ ಎನ್ನೋಣ. ತಿಂಗಳಿಗೆ ಬಡ್ಡಿ 600. ಮುಂದಿನ ಕ್ರಿಸ್ಮಸ್ ಬರುವಷ್ಟರಲ್ಲಿ ಬರೀ ಬಡ್ಡಿ 7,200. ಅಸಲು ಹಾಗೇ ನಿಂತಿರುತ್ತದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನವೇ ಅದರಲ್ಲಿ 600 ಆ ಹಳೆಯ ಕೇಕಿಗೆ ಹೋಗುತ್ತದೆ! ಬದಲಾಗಿ, ಇಂದು ಸಂಜೆಯೇ ಒಂದು ಡಬ್ಬಿಗೆ ತೂತು ಕೊರೆದು ದಿನಕ್ಕೆ 10 ರೂಪಾಯಿ ಹಾಕುತ್ತ ಬಂದರೆ ವರ್ಷಕ್ಕೆ 3,650 ಆಗುತ್ತದೆ. ಮುಂದಿನ ಕ್ರಿಸ್ಮಸ್‌ಗೆ ಡಬ್ಬಿಯಲ್ಲಿ ಎಷ್ಟಿದೆಯೋ ಅಷ್ಟೇ ಹಬ್ಬ. ಮಕ್ಕಳಿಗೆ ಬಟ್ಟೆ, ಒಂದು ಕೋಳಿ, ಅಕ್ಕಪಕ್ಕದವರಿಗೆ ಕರ್ಜಿಕಾಯಿ. ದೊಡ್ಡವರಿಗೆ ಹೊಸ ಬಟ್ಟೆ ಇಲ್ಲದಿದ್ದರೆ ಬಾಲಯೇಸು ಬೇಸರಪಡುವುದಿಲ್ಲ; ಅವನನ್ನೇ ಹರಕು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ್ದರು.

ಹತ್ತು ರೂಪಾಯಿ ಎಲ್ಲಿಂದ ಬರಬೇಕು ಎಂದು ಕೇಳುವಿರಿ. ಈ ಮಾತನ್ನು ಗಂಡಸರಿಗೆ ಹೇಳಬೇಕು, ಯಾಕೆಂದರೆ ಉಳಿತಾಯದ ಪ್ರಬೋಧನೆ ಎಂದಕೂಡಲೇ ನಾವೆಲ್ಲ ಹೆಣ್ಣುಮಕ್ಕಳ ಕಡೆ ತಿರುಗಿ ನೋಡುತ್ತೇವೆ. ಅವರು ಮೊದಲೇ ಉಳಿಸುತ್ತಿದ್ದಾರೆ. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತಾರೆ, ಪುಂಡಿಪಲ್ಯವನ್ನು ಹೊಲದ ಬದುವಿನಿಂದ ತರುತ್ತಾರೆ, ಹಳೆಯ ಸೀರೆಯಲ್ಲಿ ಕೌದಿ ಹೊಲಿಯುತ್ತಾರೆ. ದಿನಕ್ಕೆ 20 ರೂಪಾಯಿಯ ಗುಟ್ಕಾ, ಜೊತೆಗೆ ಮಗುವಿನ ಅಳು ನಿಲ್ಲಿಸಲು ಅಂಗಡಿಯಿಂದ 10 ರೂಪಾಯಿಯ ಕುರುಕಲು ಪೊಟ್ಟಣ: ಇವೆರಡೇ ಸೇರಿ ವರ್ಷಕ್ಕೆ 10,950 ಆಗುತ್ತದೆ. ಸೆರೆಯ ಲೆಕ್ಕ ನಾವು ಹಾಕುವುದಿಲ್ಲ. ಹಾಕಿದರೆ ಮುಂದಿನ ಭಾನುವಾರ ಈ ಕಡೆಯ ಸಾಲುಗಳು ಖಾಲಿ ಇರುತ್ತವೆ. ನೀವೇ ಮನೆಯಲ್ಲಿ ಕೂತು ಹಾಕಿರಿ, ಹೆಂಡತಿಯ ಎದುರಿಗೆ ಹಾಕಿರಿ.

ಪ್ರಿಯರೇ, ಎಲ್ಲದರಲ್ಲೂ ಕೈ ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಮಕ್ಕಳ ಹಾಲು, ಮೊಟ್ಟೆ, ಬೇಳೆಯಲ್ಲಿ ಉಳಿಸಬೇಡಿ. ಜ್ವರ ಬಂದಾಗ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿ ಉಳಿಸಬೇಡಿ. ಹತ್ತಿ ಬಿಡಿಸುವ ಕಾಲದಲ್ಲಿ ಮಗಳನ್ನು ಶಾಲೆ ಬಿಡಿಸಿ ಕೂಲಿ ಉಳಿಸುವುದು ಉಳಿತಾಯವೇ ಅಲ್ಲ. ಹಾಗೆಯೇ ಆಳಿಗೆ ಕೂಲಿ ಕಡಿಮೆ ಕೊಟ್ಟು ಸರಳ ಜೀವನದ ಮಾತಾಡುವವರು ಯಾರಾದರೂ ಇಲ್ಲಿದ್ದರೆ, ಅವರು ಪಾಪನಿವೇದನೆಗೆ ಬರಲಿ.

ಇನ್ನು ಮನೆಯ ಸಂತೋಷದ ವಿಷಯ. ಹಣ ಖರ್ಚಾದರೆ ಮಾತ್ರ ಮಕ್ಕಳಿಗೆ ಖುಷಿ ಎಂದು ಟಿ.ವಿ. ನಮಗೆ ಕಲಿಸಿದೆ, ಈಗ ಮೊಬೈಲು ಕಲಿಸುತ್ತಿದೆ. ನಮ್ಮ ನೆರೆಹೊರೆಯವರನ್ನು ನೋಡಿ. ಈ ದಿನಗಳಲ್ಲೇ ಬರುವ ಎಳ್ಳಮಾವಾಸ್ಯೆಗೆ ಅವರು ಬುತ್ತಿ ಕಟ್ಟಿಕೊಂಡು, ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಭೂಮಿಗೆ ಚರಗ ಚೆಲ್ಲುವುದು ಅವರ ಆಚರಣೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹರವಿಕೊಂಡು ಮರದ ನೆರಳಲ್ಲಿ ಅಜ್ಜನಿಂದ ಮೊಮ್ಮಗುವಿನ ತನಕ ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನು ನಾವೂ ಅವರಿಂದ ಕಲಿಯಬಹುದು. ಅವರು ಕರೆದಾಗ ನಾವೂ ಹೋಗಿ ಉಂಡಿದ್ದೇವೆ. ಅಂಥ ರುಚಿ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಕುಟುಂಬ ಮಕ್ಕಳನ್ನು ಹೈದರಾಬಾದಿಗೆ ಕರೆದೊಯ್ಯಲು ಸಾಲ ಕೇಳಿಕೊಂಡು ನಮ್ಮ ಬಳಿ ಬಂದಿತ್ತು. ಸಾಲ ಕೊಡಲಿಲ್ಲ, ಒಂದು ಸಲಹೆ ಕೊಟ್ಟೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರಾಯಚೂರಿಗೆ ಹೋಗಿ, 1294ರಲ್ಲಿ ಕಟ್ಟಿದ ಕೋಟೆಯನ್ನು ಮಕ್ಕಳಿಗೆ ತೋರಿಸಿ ಎಂದೆವು. ಅಲ್ಲಿ ಗೋಡೆಯಲ್ಲಿ ನಲವತ್ತು ಅಡಿಗೂ ಹೆಚ್ಚು ಉದ್ದದ ಒಂದೇ ಶಾಸನದ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಹುಟ್ಟಿದಾಗಿನಿಂದ ರಾಯಚೂರಿನ ಸಂತೆಗೆ ಹೋಗಿಬರುವ ಆ ತಂದೆ ಅದನ್ನು ನೋಡಿರಲೇ ಇಲ್ಲ. ಹೋಗಿಬಂದ ಮೇಲೆ ಮಗ ಒಂದು ವಾರ ನಮ್ಮ ಅಂಗಳದಲ್ಲಿ ಇಟ್ಟಿಗೆಯನ್ನು ಆಟಿಕೆ ಬಂಡಿಗೆ ಕಟ್ಟಿ ಎಳೆಯುತ್ತಿದ್ದ.

ಮದುವೆಯ ಬಗ್ಗೆ ಒಂದೇ ಮಾತು, ಯಾಕೆಂದರೆ ಫೆಬ್ರವರಿಯೊಳಗೆ ಮೂರು ಮದುವೆಗಳಿವೆ. ದೈವೈಕ್ಯರಾದ ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬದ ಕುರಿತು ಬರೆದ 'ಅಮೋರಿಸ್ ಲೆತೀಸಿಯಾ'ದಲ್ಲಿ ಮದುವೆಯಾಗುವ ಜೋಡಿಗಳನ್ನೇ ಕರೆದು ಮಾತಾಡಿದ್ದಾರೆ. ಬಟ್ಟೆ, ಆಮಂತ್ರಣ, ಔತಣದ ಸಡಗರದಲ್ಲಿ ಹಣದ ಜೊತೆಗೆ ಸಂತೋಷವೂ ಸೋರಿಹೋಗುತ್ತದೆ, ಎಲ್ಲರಂತೆ ಮಾಡದೆ ಸರಳವಾಗಿ ಮಾಡುವ ಧೈರ್ಯ ತೋರಿರಿ ಎಂಬುದು ಅವರ ಆಶಯ. ಈ ಧೈರ್ಯ ಹುಡುಗ ಹುಡುಗಿಗೆ ಇದ್ದರೆ ಸಾಲದು, ಬೀಗರಿಗೂ ಬೇಕು. ಊಟದಲ್ಲಿ ಏನು ಕಡಿಮೆಯಾಯಿತೆಂದು ಎಣಿಸುವ ನಮ್ಮ ಬಾಯಿಗಳಿಗೆ ಬೀಗ ಬಿದ್ದರೆ ಎಷ್ಟೋ ಹೊಲಗಳು ಅಡವಿಗೆ ಹೋಗದೆ ಉಳಿಯುತ್ತವೆ.

ಹೇಳುವವರು ಮೊದಲು ಮಾಡಬೇಕು. ಆದ್ದರಿಂದ ಹಿರಿಯರೊಡನೆ ಕೂತು ಒಂದು ನಿರ್ಧಾರಕ್ಕೆ ಬಂದಿದ್ದೇವೆ. ಬರುವ ದೇವಾಲಯದ ಹಬ್ಬಕ್ಕೆ ಪಟ್ಟಿ ಇಲ್ಲ. ಬಾಗಿಲ ಬಳಿ ಒಂದು ಮುಚ್ಚಿದ ಪೆಟ್ಟಿಗೆ ಇರುತ್ತದೆ. ಹತ್ತು ಹಾಕಿದವರಾರು, ಸಾವಿರ ಹಾಕಿದವರಾರು ನಮಗೂ ತಿಳಿಯುವುದಿಲ್ಲ. ಹೆಸರು ಓದುವುದಿಲ್ಲ. ಲೈಟಿನ ಸರ, ಬ್ಯಾಂಡು ಇಲ್ಲ. ನಮ್ಮ ಯುವಕರ ಹಲಗೆ, ಹೆಣ್ಣುಮಕ್ಕಳ ಕೋಲಾಟ ಇದೆ. ಊಟಕ್ಕೆ ಮನೆಗೆ ಎರಡೆರಡು ರೊಟ್ಟಿ ತನ್ನಿ, ಪಲ್ಯ ಮತ್ತು ಅನ್ನ ಸಾರು ಗುರುನಿವಾಸದ ಅಂಗಳದಲ್ಲಿ ಬೇಯುತ್ತದೆ. ಕಳೆದ ವರ್ಷ ಸಾಲ ಮಾಡಿ ಪಟ್ಟಿ ಕೊಟ್ಟವರು ಆ ತಾಯಿ ಒಬ್ಬರೇ ಇರಲಾರರು. ಅಂಥವರು ಸಂಕೋಚಪಡದೆ ಈ ವಾರದೊಳಗೆ ನಮ್ಮನ್ನು ಒಬ್ಬೊಬ್ಬರಾಗಿ ಬಂದು ಕಾಣಿರಿ. ಆ ಹಣ ತಿರುಗಿ ನಿಮ್ಮ ಕೈ ಸೇರುತ್ತದೆ. ಹಬ್ಬದ ಉಳಿಕೆಯಲ್ಲಿ ಅಷ್ಟು ಇದೆ, ಸಾಲದೆ ಹೋದರೆ ನಮ್ಮ ಡಬ್ಬಿಯೂ ಇದೆ.

ಈಗ ಎಲ್ಲರೂ ಎದ್ದು ನಿಂತು ವಿಶ್ವಾಸಸಂಗ್ರಹವನ್ನು ಹೇಳೋಣ.