ಎರಡು ಬಾಟಲಿಗಳ ಸಾಕ್ಷಿ



ನಿಮ್ಮಲ್ಲಿ ಹಲವರು ಶಾಲೆಯ ತಂಡದಲ್ಲಿ ಓಡುತ್ತೀರಿ, ಈಜುತ್ತೀರಿ. ಜಿಮ್‌ಗೆ ಹೋಗುವವರೂ ಇದ್ದೀರಿ. ಅದಕ್ಕೇ ಇವತ್ತು ಉದ್ದೀಪನ ಮದ್ದಿನ ಪರೀಕ್ಷೆಯ ಬಗ್ಗೆ ಮಾತಾಡೋಣ. ಇದು ಒಲಿಂಪಿಕ್ಸ್‌ಗೆ ಹೋದವರ ವಿಷಯ ಮಾತ್ರ ಅಲ್ಲ.

1988ರ ಸೋಲ್ ಒಲಿಂಪಿಕ್ಸ್. ಕೆನಡಾದ ಬೆನ್ ಜಾನ್ಸನ್ 100 ಮೀಟರ್ ಓಟವನ್ನು 9.79 ಸೆಕೆಂಡಿನಲ್ಲಿ ಮುಗಿಸಿದರು. ಮೂರೇ ದಿನದಲ್ಲಿ ಚಿನ್ನ ಕೈಬಿಟ್ಟುಹೋಯಿತು. ಅವರ ಮೂತ್ರದಲ್ಲಿ ಸ್ಟ್ಯಾನೊಜೊಲಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿತ್ತು.

ಅದನ್ನು ಹುಡುಕುವುದು ಹೇಗೆ? ಆಟಗಾರನ ಮೂತ್ರವನ್ನು 'ಎ' ಮತ್ತು 'ಬಿ' ಎಂಬ ಎರಡು ಬಾಟಲಿಗಳಿಗೆ ತುಂಬಿ ಸೀಲ್ ಮಾಡುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ನಂಬರ್ ಮಾತ್ರ, ಹೆಸರಲ್ಲ. ಮೊದಲು 'ಎ' ಪರೀಕ್ಷೆ. ಅದರಲ್ಲಿ ಏನಾದರೂ ಸಿಕ್ಕರೆ, 'ಬಿ' ಬಾಟಲಿಯನ್ನೂ ತೆರೆದು ನೋಡಿ ಎಂದು ಕೇಳುವ ಹಕ್ಕು ಆಟಗಾರನಿಗಿದೆ.

ಮೂತ್ರದಲ್ಲಿ ಸಾವಿರಾರು ವಸ್ತುಗಳಿರುತ್ತವೆ. ಮೊದಲು ಅವನ್ನು ಬೇರ್ಪಡಿಸಬೇಕು. ಈ ಕೆಲಸ ಮಾಡುವುದು ಕ್ರೊಮಟೋಗ್ರಫಿ. ಊರಿಗೆ ಹೋದಾಗ ಜಾತ್ರೆ ನೋಡಿದ್ದೀರಲ್ಲ? ಒಂದೇ ಬೀದಿಗೆ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ. ಅಂಗಡಿ ಅಂಗಡಿಗೂ ನಿಲ್ಲುವವರು ಹಿಂದೆ ಬೀಳುತ್ತಾರೆ, ಎಲ್ಲೂ ನಿಲ್ಲದವರು ಬೇಗ ಆಚೆ ಬರುತ್ತಾರೆ. ಕೂದಲಿನಂಥ ಉದ್ದನೆಯ ನಳಿಕೆಯೊಳಗೂ ಹಾಗೇ. ಗೋಡೆಗೆ ಅಂಟಿಕೊಳ್ಳುವ ವಸ್ತು ತಡವಾಗಿ ಹೊರಬರುತ್ತದೆ.

ಹೊರಬಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಹಿಡಿದು, ಒಡೆದು, ಚೂರುಗಳನ್ನು ತೂಗುತ್ತದೆ. ಯಾವ ತೂಕದ ಚೂರು ಎಷ್ಟು ಎಂಬ ಲೆಕ್ಕವೇ ಆ ವಸ್ತುವಿನ ಬೆರಳಚ್ಚು. ಒಂದು ಮಿಲಿಲೀಟರಿನಲ್ಲಿ ಒಂದು ನ್ಯಾನೊಗ್ರಾಂ ಇದ್ದರೂ ಈ ಯಂತ್ರಗಳ ಕಣ್ಣಿಗೆ ಬೀಳುತ್ತದೆ. ಅಂದರೆ 25 ಲಕ್ಷ ಲೀಟರ್ ನೀರಿನ ಒಲಿಂಪಿಕ್ ಈಜುಕೊಳದಲ್ಲಿ ಸುಮಾರು ಅರ್ಧ ಟೀ ಚಮಚ ಸಕ್ಕರೆ!

ಟೆಸ್ಟೊಸ್ಟೆರಾನ್ ಮಾತ್ರ ಕಷ್ಟದ ಕೇಸು. ಅದು ನಮ್ಮ ದೇಹದಲ್ಲೇ ಇರುತ್ತದೆ. ದೇಹ ಮಾಡಿದ್ದಕ್ಕೂ ಕಾರ್ಖಾನೆ ಮಾಡಿದ್ದಕ್ಕೂ ರಚನೆ ಒಂದೇ. ಆದರೆ ಇಂಗಾಲ ಗುಟ್ಟು ಬಿಟ್ಟುಕೊಡುತ್ತದೆ. ಇಂಗಾಲದಲ್ಲಿ ಸುಮಾರು ಶೇ. 1.1ರಷ್ಟು ತುಸು ಭಾರದ ಕಾರ್ಬನ್-13 ಇರುತ್ತದೆ. ಕಾರ್ಖಾನೆಯ ಟೆಸ್ಟೊಸ್ಟೆರಾನ್ ಹೆಚ್ಚಾಗಿ ಸೋಯಾದಂಥ ಸಸ್ಯಗಳಿಂದ ತಯಾರಾಗುತ್ತದೆ. ಇಂಥ ಸಸ್ಯಗಳಲ್ಲಿ ಕಾರ್ಬನ್-13 ಸ್ವಲ್ಪ ಕಡಿಮೆ. ನಮ್ಮ ದೇಹದ್ದು ನಾವು ತಿನ್ನುವ ಬಗೆಬಗೆಯ ಊಟದಿಂದ ಆದದ್ದು. ಅದೇ ಮೂತ್ರದಲ್ಲಿರುವ ದೇಹದ ಬೇರೆ ಸ್ಟೆರಾಯ್ಡ್‌ಗಳ ಜೊತೆ ಹೋಲಿಸಿದರೆ, ಹೊರಗಿನಿಂದ ಬಂದದ್ದು ಸಿಕ್ಕಿಬೀಳುತ್ತದೆ.

ಮಾದರಿಗಳನ್ನು 10 ವರ್ಷದವರೆಗೆ ಕಾಪಿಟ್ಟು, ಹೊಸ ವಿಧಾನ ಬಂದಾಗ ಮತ್ತೆ ಪರೀಕ್ಷಿಸಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮಾದರಿಗಳನ್ನು 2016ರಲ್ಲಿ ಮರುಪರೀಕ್ಷಿಸಿದಾಗ ಜಮೈಕಾದ ರಿಲೇ ಓಟಗಾರ ನೆಸ್ಟಾ ಕಾರ್ಟರ್ ಅವರ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೀನ್ ಸಿಕ್ಕಿತು. ಅದೇ ತಂಡದಲ್ಲಿದ್ದ ಉಸೇನ್ ಬೋಲ್ಟ್ ಕೂಡ ಚಿನ್ನ ಮರಳಿಸಬೇಕಾಯಿತು.

ಈ ಮೀಥೈಲ್‌ಹೆಕ್ಸಾನಮೀನ್ ಎಲ್ಲಿ ಸಿಗುತ್ತಿತ್ತು ಗೊತ್ತೇ? ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳಲ್ಲಿ, ಅಂಗಡಿಯಲ್ಲೇ! ಇಲ್ಲಿಂದ ಇದು ನಿಮ್ಮ ವಿಷಯ.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. 2011ರಲ್ಲಿ ಅವರ ಮತ್ತು ಸಹ ಓಟಗಾರ್ತಿಯರ ಮಾದರಿಗಳಲ್ಲಿ ಸ್ಟೆರಾಯ್ಡ್ ಪತ್ತೆಯಾಯಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕದಿಂದ ಹೀಗಾಯಿತು ಎಂದು ಅವರು ವಾದಿಸಿದರು. ಆದರೂ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ನಿಯಮ ಕಠಿಣ: ನಿಮ್ಮ ದೇಹದಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ಯಂತ್ರ ವಸ್ತುವನ್ನು ಹೇಳುತ್ತದೆ. ಮನಸ್ಸಿನಲ್ಲಿ ಏನಿತ್ತು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಕಾಲೇಜು ಕ್ರೀಡಾಪಟುಗಳಿಗೂ ಪರೀಕ್ಷೆ ಇದೆ. ಹಾಗಾಗಿ ಡಬ್ಬಿ ತೆರೆಯುವ ಮುಂಚೆ ಯೋಚಿಸಿ. ಸ್ವತಂತ್ರ ಪರೀಕ್ಷೆಯ ಮುದ್ರೆ ಇದೆಯೇ ನೋಡಿ. ಅದು ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಔಷಧಿಯನ್ನು ಗ್ಲೋಬಲ್ ಡಿಆರ್‌ಒ ತಾಣದಲ್ಲಿ ಹುಡುಕಿ. ಊರಿಂದ ಪ್ರೀತಿಯಿಂದ ಬಂದ ಲೇಹ್ಯವಾದರೂ ಸರಿ, ಒಳಗೇನಿದೆ ಎಂದು ಕೇಳಿ. ಫ್ರೆಂಡ್ ಕೊಟ್ಟ ಪುಡಿಗೆ 'ಬೇಡ' ಅನ್ನಲು ಸಂಕೋಚ ಬೇಡ.

ಚೆನ್ನಾಗಿ ಊಟ ಮಾಡಿ, ನಿದ್ದೆ ಮಾಡಿ, ಓಡಿ.