ಗುಂಡಿ ಒತ್ತುವ ಮುನ್ನ



ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಅಪ್ಪ, ಅಮ್ಮ ಮದುವೆಗೆಂದು ಪರಊರಿಗೆ ಹೋಗಿದ್ದಾರೆ. ನೀವು ಕಾಲೇಜಿನ ಹಾಸ್ಟೆಲಿನಲ್ಲಿದ್ದೀರಿ. ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಮೊಬೈಲ್ ಸದ್ದು ಮಾಡುತ್ತದೆ. ನೋಡಿದರೆ, ಮನೆಯ ಹಿತ್ತಿಲ ಬಾಗಿಲ ಬಳಿ ಯಾರೋ ನಿಂತಿರುವುದು ಕ್ಯಾಮೆರಾದಲ್ಲಿ ಕಾಣುತ್ತದೆ. ಮುಖ ಸ್ಪಷ್ಟವಾಗಿಲ್ಲ. ಪರದೆಯ ಕೆಳಗೆ ಒಂದು ಕೆಂಪು ಗುಂಡಿಯಿದೆ. ಅದನ್ನು ಒತ್ತಿದರೆ ಬಾಗಿಲ ಮೇಲಿರುವ ಡಬ್ಬಿಯಿಂದ ಮೆಣಸಿನ ದ್ರಾವಣ ಆ ವ್ಯಕ್ತಿಯ ಮುಖಕ್ಕೆ ಚಿಮ್ಮುತ್ತದೆ. ಒತ್ತುತ್ತೀರಾ?

ಇದು ಕಟ್ಟುಕಥೆಯ ಯಂತ್ರವಲ್ಲ. ದೂರದಿಂದ ನಡೆಸಬಹುದಾದ ಇಂಥ ಕಾವಲು ಸಾಧನಗಳು ಇಂದು ತಯಾರಾಗುತ್ತಿವೆ. ಕೆಲವು ಕಿವಿಗಡಚಿಕ್ಕುವ ಸೈರನ್ ಕೂಗಿಸುತ್ತವೆ. ಕೆಲವು ಕೋಣೆಯ ತುಂಬ ದಟ್ಟವಾದ ಬಿಳಿ ಮಂಜನ್ನು ತುಂಬಿ, ಕಳ್ಳನಿಗೆ ತನ್ನ ಕೈಯೇ ಕಾಣದಂತೆ ಮಾಡುತ್ತವೆ. ನಾಟಕದ ರಂಗದ ಮೇಲೆ ಹೊಗೆ ಬಿಡುವ ಯಂತ್ರದ ತತ್ವವೇ ಇಲ್ಲಿಯೂ ಇರುವುದು. 2024ರಲ್ಲಿ ಯುರೋಪಿನ ಸ್ಲೊವೇನಿಯಾ ದೇಶದ ಒಂದು ಸಂಸ್ಥೆಯು ಅಪರಿಚಿತರ ಮೇಲೆ ಬಣ್ಣದ ಗುಂಡು ಹಾರಿಸುವ ಕ್ಯಾಮೆರಾವನ್ನು ಪ್ರಕಟಿಸಿತು. ಇವುಗಳನ್ನೆಲ್ಲ ಒಟ್ಟಾಗಿ ‘ಲೆಸ್ ಲೀಥಲ್’ ಸಾಧನಗಳೆಂದು ಕರೆಯುತ್ತಾರೆ. ಅಂದರೆ, ಜೀವ ತೆಗೆಯುವ ಸಂಭವ ಕಡಿಮೆ ಇರುವಂಥವು. ‘ಕಡಿಮೆ’ ಎಂಬ ಮಾತನ್ನು ಗಮನಿಸಿ. ‘ಇಲ್ಲವೇ ಇಲ್ಲ’ ಎಂದು ಯಾರೂ ಹೇಳುತ್ತಿಲ್ಲ.

ಇವುಗಳ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ನೋಡೋಣ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಮನೆಮಂದಿಯೆಲ್ಲ ಕೆಮ್ಮುವುದನ್ನು ನೀವು ಕಂಡಿದ್ದೀರಿ. ಆ ಘಾಟಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ಏಕೆಂದರೆ ಈ ವಸ್ತು ಅದರಲ್ಲಿ ಕಡಿಮೆ. ಬಿಸಿ ತಗುಲಿದಾಗ ಮೆದುಳಿಗೆ ಸುದ್ದಿ ಮುಟ್ಟಿಸುವ ಗ್ರಾಹಕವೊಂದು ನಮ್ಮ ನರಗಳಲ್ಲಿದೆ. ಕ್ಯಾಪ್ಸೈಸಿನ್ ಅದೇ ಗ್ರಾಹಕವನ್ನು ಕೆರಳಿಸುತ್ತದೆ. ಆದ್ದರಿಂದಲೇ ಏನೂ ಸುಡದಿದ್ದರೂ ಸುಟ್ಟಂತೆ ಭಾಸವಾಗುವುದು. ಇದನ್ನು 1997ರಲ್ಲಿ ಕಂಡುಹಿಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಪೆಪ್ಪರ್ ಸ್ಪ್ರೇ ಎಂದರೆ ಈ ಮೆಣಸಿನ ಸತ್ವವೇ. ಬಯಲಿನಲ್ಲಿ ಅದು ಗಾಳಿಗೆ ಚದುರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಹಾಗಲ್ಲ, ಅಲ್ಲಿಯೇ ಸುಳಿಯುತ್ತದೆ. ಉಬ್ಬಸದ ರೋಗಿಯೊಬ್ಬರು ಅಲ್ಲಿದ್ದರೆ ಪರಿಣಾಮ ಗಂಭೀರವಾಗಬಹುದು.

ಎರಡನೆಯದು ವಿದ್ಯುತ್ತು. ಅಮೆರಿಕದ ಜ್ಯಾಕ್ ಕವರ್ ಎಂಬ ವಿಜ್ಞಾನಿ 1974ರ ಹೊತ್ತಿಗೆ ಟೇಸರ್ ಎಂಬ ಸಾಧನವನ್ನು ರೂಪಿಸಿದರು. ಅದರಿಂದ ಹಾರುವ ಎರಡು ಮುಳ್ಳುಗಳು ಬಟ್ಟೆಗೋ ಚರ್ಮಕ್ಕೋ ನಾಟಿಕೊಳ್ಳುತ್ತವೆ. ತಂತಿಯ ಮೂಲಕ ಬರುವ ವಿದ್ಯುತ್ ಮಿಡಿತಗಳು ಸ್ನಾಯುಗಳನ್ನು ಸೆಟೆದುಕೊಳ್ಳುವಂತೆ ಮಾಡುತ್ತವೆ. ಮನುಷ್ಯ ಮರದ ಕೊರಡಿನಂತೆ ಬೀಳುತ್ತಾನೆ. ಬಿದ್ದಲ್ಲಿ ಹುಲ್ಲಿದ್ದರೆ ಒಂದು ಮಾತು, ಕಲ್ಲಿನ ಮೆಟ್ಟಿಲಿದ್ದರೆ ಇನ್ನೊಂದು ಮಾತು.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ರೈತರಿಗೂ ಅನುಭವವಿದೆ. ಕಾಡಂಚಿನ ಹೊಲಗಳಲ್ಲಿ ಸೌರಬೇಲಿ ಹಾಕಿರುವುದನ್ನು ನೀವು ನೋಡಿರಬಹುದು. ಅದರಲ್ಲಿ ಸುಮಾರು ಒಂದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಅಲ್ಪಕಾಲ, ಒಂದು ಮಿಡಿತ ಹರಿಯುತ್ತದೆ. ಮುಟ್ಟಿದ ಪ್ರಾಣಿಗೆ ಬಲವಾದ ಪೆಟ್ಟು ಬೀಳುತ್ತದೆ. ಆದರೆ ಎರಡು ಮಿಡಿತಗಳ ನಡುವೆ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಮನೆಯ 230 ವೋಲ್ಟಿನ ತಂತಿಯನ್ನು ನೇರವಾಗಿ ಬೇಲಿಗೆ ಜೋಡಿಸಿದರೆ ಆ ಬಿಡುವು ಇಲ್ಲ. ಹಿಡಿದ ಕೈ ಮುಷ್ಟಿಯಾಗಿ ಬಿಗಿದುಕೊಳ್ಳುತ್ತದೆ, ಹೃದಯದ ಲಯ ಕೆಡುತ್ತದೆ. ಇಂಥ ಕಾನೂನುಬಾಹಿರ ತಂತಿಗಳಿಗೆ ನಮ್ಮ ರಾಜ್ಯದಲ್ಲಿ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಎರಡು ಬೇಲಿಗಳೂ ಹೊರಗಿನಿಂದ ನೋಡಲು ಒಂದೇ. ಒಂದು ಎಚ್ಚರಿಸುತ್ತದೆ, ಇನ್ನೊಂದು ಕೊಲ್ಲುತ್ತದೆ.

ಈಗ ನಿಮಗೆ ಒಂದು ಮೊಕದ್ದಮೆಯ ಕಥೆ ಹೇಳಬೇಕು. ಬಿಹಾರದಲ್ಲಿ ಅಕ್ಕಪಕ್ಕದ ಎರಡು ಮನೆಗಳು. ಒಂದು ಮನೆಯ ಶೌಚಾಲಯದ ಗೋಡೆ ಬಿದ್ದುಹೋಯಿತು. ಮರೆ ಇಲ್ಲದ್ದರಿಂದ ಆ ಮನೆಯ ಹೆಂಗಸು ಪಕ್ಕದವನ ಶೌಚಾಲಯಕ್ಕೆ ಹೋಗತೊಡಗಿದಳು. ಅವನಿಗೆ ಅದು ಇಷ್ಟವಿರಲಿಲ್ಲ. ಬರಬೇಡಿರೆಂದು ಹೇಳಿ ನೋಡಿದ. ಮಾತಿಗೆ ಬೆಲೆ ಸಿಗದಿದ್ದಾಗ ದಾರಿಗೆ ಅಡ್ಡಲಾಗಿ ತಾಮ್ರದ ತಂತಿ ಕಟ್ಟಿ, ಮನೆಯ ವಿದ್ಯುತ್ತನ್ನು ಅದಕ್ಕೆ ಹರಿಸಿದ. ಅದರಲ್ಲಿ ವಿದ್ಯುತ್ ಇದೆಯೆಂಬ ಎಚ್ಚರಿಕೆಯನ್ನು ಎಲ್ಲಿಯೂ ಹಾಕಲಿಲ್ಲ. ಒಳಗೆ ಹೋಗುವಾಗ ಆಕೆ ಹೇಗೋ ತಪ್ಪಿಸಿಕೊಂಡಳು. ಹೊರಗೆ ಬರುವಾಗ ಕೈ ತಗುಲಿತು, ಸ್ವಲ್ಪ ಹೊತ್ತಿನಲ್ಲಿ ಪ್ರಾಣ ಹೋಯಿತು.

ಅವನ ವಾದ ಏನು ಗೊತ್ತೇ? ನನ್ನ ಜಾಗ, ಅವಳು ಅತಿಕ್ರಮಿಸಿ ಬಂದಳು, ನನ್ನ ಆಸ್ತಿಯನ್ನು ನಾನು ಕಾಯ್ದುಕೊಂಡೆ ಎಂಬುದು. 1963ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅನುಮತಿಯಿಲ್ಲದೆ ಬಂದ ಮಾತ್ರಕ್ಕೆ ಒಬ್ಬರು ಕಾನೂನಿನ ರಕ್ಷಣೆಯಿಂದ ಹೊರಗಾಗುವುದಿಲ್ಲ, ಅವರಿಗೆ ಕೇಡಾಗಲೆಂದೇ ಬಲೆ ಒಡ್ಡುವ ಹಕ್ಕು ಮಾಲೀಕನಿಗಿಲ್ಲ ಎಂಬುದು ಆ ತೀರ್ಪಿನ ಸಾರ.

ಬೇರೆ ದೇಶಗಳೂ ಇದೇ ಪಾಠವನ್ನು ಕಲಿತಿವೆ. ಇಂಗ್ಲೆಂಡಿನ ಜಮೀನ್ದಾರರು ಬೇಟೆಯ ಪ್ರಾಣಿಗಳನ್ನು ಕದಿಯುವವರಿಗಾಗಿ ತೋಟಗಳಲ್ಲಿ ತಾನಾಗಿ ಸಿಡಿಯುವ ಬಂದೂಕುಗಳನ್ನು ಇಡುತ್ತಿದ್ದರು. ಕಳ್ಳನಲ್ಲದವನು ಎಡವಿದರೂ ಅದು ಸಿಡಿಯುತ್ತಿತ್ತು. 1827ರಲ್ಲಿ ಕಾಯಿದೆ ಮಾಡಿ ಅದನ್ನು ನಿಷೇಧಿಸಿದರು. ರಾತ್ರಿ ವೇಳೆ ವಾಸದ ಮನೆಯೊಳಗೆ ಮಾತ್ರ ವಿನಾಯಿತಿ ಉಳಿಸಿದರು. ಅಮೆರಿಕದ ಅಯೋವಾ ರಾಜ್ಯದಲ್ಲಿ 1967ರಲ್ಲಿ ಪಾಳುಬಿದ್ದ ತೋಟದ ಮನೆಗೆ ಹಳೆಯ ಗಾಜಿನ ಜಾಡಿಗಳನ್ನು ಕದಿಯಲು ಹೋದವನ ಕಾಲು, ಬಾಗಿಲಿಗೆ ಕಟ್ಟಿದ್ದ ಬಂದೂಕಿನಿಂದ ಛಿದ್ರವಾಯಿತು. ಅವನು ಕದಿಯಲು ಹೋದದ್ದು ನಿಜ. ಆದರೂ ಮನೆಯ ಮಾಲೀಕರು ಅವನಿಗೆ 30,000 ಡಾಲರ್ ಕೊಡಬೇಕೆಂಬ ತೀರ್ಪನ್ನು 1971ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸ್ಥಿರಪಡಿಸಿತು. ಯಾರೂ ವಾಸವಿಲ್ಲದ ಮನೆಯ ಜಾಡಿಗಿಂತ ಮನುಷ್ಯನ ಕಾಲು ದೊಡ್ಡದು ಎಂದಂತಾಯಿತು.

“ಅವು ಕುರುಡು ಯಂತ್ರಗಳು, ನಮ್ಮ ಸಾಧನಕ್ಕೆ ಕ್ಯಾಮೆರಾ ಇದೆ, ನಿರ್ಧರಿಸಲು ಮನುಷ್ಯ ಇದ್ದಾನೆ” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಇರುವುದು ನಿಜ. ಆದರೆ ಅಂಗೈಯಗಲದ ಪರದೆಯಲ್ಲಿ ಕತ್ತಲ ಚಿತ್ರ ನೋಡುವವನಿಗೆ ಎಷ್ಟು ಕಾಣುತ್ತದೆ? ಎದುರಿಗಿದ್ದರೆ “ಯಾರದು?” ಎಂದು ಕೇಳುತ್ತಿದ್ದೆವು, ಉತ್ತರಕ್ಕೆ ಕಾಯುತ್ತಿದ್ದೆವು. ದೂರವಿದ್ದಾಗ ಬೆರಳು ಬೇಗ ಚಲಿಸುತ್ತದೆ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ದೇಹವನ್ನೂ ಆಸ್ತಿಯನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ನಮಗೆ ಕೊಟ್ಟಿವೆ. ರಾತ್ರಿ ಕನ್ನ ಹಾಕುವಂಥ ಗಂಭೀರ ಸಂದರ್ಭಗಳಲ್ಲಿ ಈ ಹಕ್ಕು ಬಹಳ ದೂರ ಹೋಗುತ್ತದೆ. ಆದರೆ 37ನೆಯ ಕಲಮು ಎರಡು ಮಿತಿಗಳನ್ನು ಹಾಕಿದೆ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಹುಟ್ಟುವುದಿಲ್ಲ. ದೂರದ ಹಾಸ್ಟೆಲಿನಲ್ಲಿ ಫೋನ್ ಹಿಡಿದು ಕುಳಿತವನ ದೇಹಕ್ಕೆ ಅಪಾಯವಿಲ್ಲ. ಅದೇ ಫೋನಿನಿಂದ ಪೊಲೀಸರನ್ನು ಕರೆಯಬಹುದಲ್ಲ? 2024ರಲ್ಲಿಯೇ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದು ಕಂಡು, ಅದನ್ನು ಬಳಸಿದವರ ಮೇಲಿನ ತನಿಖೆಯನ್ನು ರದ್ದುಪಡಿಸಲು ನಿರಾಕರಿಸಿತು. ಜೀವಕ್ಕೆ ತಕ್ಷಣದ ಬೆದರಿಕೆ ಇರಲಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು.

ಯಂತ್ರ ತಯಾರಿಸುವವರಲ್ಲೂ ಈ ಅಳುಕು ಇದೆ. 2022ರಲ್ಲಿ ಅಮೆರಿಕದ ಯುವಾಲ್ಡಿ ಎಂಬ ಊರಿನ ಶಾಲೆಯಲ್ಲಿ ಮಕ್ಕಳ ಹತ್ಯೆಯಾದಾಗ, ಟೇಸರ್ ತಯಾರಿಸುವ ಆಕ್ಸಾನ್ ಸಂಸ್ಥೆಯು ಶಾಲೆಗಳಿಗಾಗಿ ಟೇಸರ್ ಹೊತ್ತ, ದೂರದಿಂದ ನಡೆಸುವ ಡ್ರೋನ್ ಮಾಡುವುದಾಗಿ ಹೇಳಿತು. ಸಂಸ್ಥೆಯ ನೀತಿ ಸಲಹಾ ಮಂಡಳಿಯ 12 ಸದಸ್ಯರಲ್ಲಿ 9 ಮಂದಿ ರಾಜೀನಾಮೆ ಕೊಟ್ಟರು. ಸಂಸ್ಥೆ ಯೋಜನೆಯನ್ನು ತಡೆಹಿಡಿಯಿತು.

ಹಾಗಾದರೆ ಮನೆಯನ್ನು ಕಾಯುವುದು ಬೇಡವೇ? ಖಂಡಿತ ಬೇಕು. ಕ್ಯಾಮೆರಾ, ದೀಪ, ಸೈರನ್ ಇವುಗಳನ್ನು ದೂರದಿಂದ ಧಾರಾಳವಾಗಿ ನಡೆಸಿ. ತಪ್ಪು ವ್ಯಕ್ತಿಯ ಮೇಲೆ ದೀಪ ಬೆಳಗಿದರೆ ಕ್ಷಮೆ ಕೇಳಬಹುದು. ನೋಯಿಸುವ ಯಾವುದೇ ಸಾಧನದ ಮುಂದೆ ಮೂರು ಪ್ರಶ್ನೆಗಳನ್ನಿಡಿ. ಎದುರಿಗಿರುವವರು ಯಾರೆಂದು ನನಗೆ ನಿಜವಾಗಿ ಗೊತ್ತೇ? ಎಚ್ಚರಿಕೆ ಕೊಟ್ಟೆನೇ? ಈಗ ಆಗುವ ನೋವನ್ನು ನಾಳೆ ಹಿಂದಕ್ಕೆ ಪಡೆಯಲು ಸಾಧ್ಯವೇ?

ಮೊದಲಿನ ಸನ್ನಿವೇಶಕ್ಕೆ ಮರಳೋಣ. ಹಿತ್ತಿಲಲ್ಲಿ ನಿಂತವನು ಕಳ್ಳನೇ ಇರಬಹುದು. ಅಥವಾ ಅಮ್ಮ ಬೀಗದ ಕೈ ಕೊಟ್ಟು, “ರಾತ್ರಿ ಒಮ್ಮೆ ನೋಡಿಕೊಳ್ಳಿ” ಎಂದು ಹೇಳಿಹೋದ ಪಕ್ಕದ ಮನೆಯ ಮಾವನೂ ಇರಬಹುದು. ದೀಪ ಹಾಕಿ. ಸೈರನ್ ಕೂಗಿಸಿ. ಪಕ್ಕದ ಮನೆಗೆ ಫೋನ್ ಮಾಡಿ. 112ಕ್ಕೆ ಕರೆ ಮಾಡಿ. ಇವಿಷ್ಟಕ್ಕೂ ಒಂದೆರಡು ನಿಮಿಷ ಸಾಕು. ಆ ಬಿಹಾರದ ಹೆಂಗಸಿಗೆ ಅಷ್ಟು ಸಮಯವನ್ನು ಯಾರೂ ಕೊಡಲಿಲ್ಲ. ನಿಮ್ಮ ಕೈಯಲ್ಲಿ ಆ ಸಮಯವಿದೆ.