ಕಾಂಕ್ರೀಟಿನಡಿ ಉಳಿದ ಹಕ್ಕು



ಇಂಗ್ಲೆಂಡಿನ ನ್ಯೂಬರಿ ಪಟ್ಟಣದ ಸಮೀಪ ಗ್ರೀನ್‌ಹ್ಯಾಮ್ ಕಾಮನ್ ಎಂಬ ವಿಶಾಲ ಬಯಲಿದೆ. ‘ಕಾಮನ್’ ಎಂದರೆ ಹೆಚ್ಚುಕಡಿಮೆ ಗೋಮಾಳವಿದ್ದಂತೆ. ಒಡೆತನ ಯಾರದೇ ಇರಲಿ, ಅಲ್ಲಿ ದನ ಮೇಯಿಸುವ, ಸೌದೆ ಆಯುವ ಹಕ್ಕು ಸುತ್ತಲಿನ ಊರವರದು.

ಎರಡನೆಯ ಮಹಾಯುದ್ಧದ ತುರ್ತಿಗೆಂದು 1941ರಲ್ಲಿ ಸರಕಾರವು ಈ ಬಯಲನ್ನು ವಶಪಡಿಸಿಕೊಂಡಿತು. 1942ರಲ್ಲಿ ವಿಮಾನನೆಲೆ ಆರಂಭವಾಗಿ, ವಿಮಾನ ಚಾಲಕರಿಗೆ ಅಲ್ಲಿ ತರಬೇತಿ ನಡೆಯಿತು. ಬಳಿಕ ಅಮೆರಿಕದ ಪಡೆಗಳು ಬಂದವು. 1944ರ ಜೂನ್ 5ರ ಸಂಜೆ, ನಾರ್ಮಂಡಿಗೆ ಹೊರಟ ಪ್ಯಾರಾಚೂಟ್ ಸೈನಿಕರನ್ನು ಜನರಲ್ ಐಸೆನ್‌ಹೋವರ್ ಇಲ್ಲಿಯೇ ಬೀಳ್ಕೊಟ್ಟರು. ಯುದ್ಧಾನಂತರ ಕೆಲಕಾಲ ಹೊಸ ಸೈನಿಕರ ತರಬೇತಿ ನಡೆದು, 1946ರಲ್ಲಿ ನೆಲೆ ಮುಚ್ಚಿತು.

ತುರ್ತು ತೀರಿತು, ಆದರೆ ನೆಲ ಊರಿನ ಪಾಲಿಗೆ ಉಳಿಯಲಿಲ್ಲ. ಸ್ಥಳೀಯರು ವಿರೋಧಿಸಿದರೂ 1951ರಲ್ಲಿ ಅದನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಲಾಯಿತು. ಮೇವಿನ ನೆಲದ ಮೇಲೆ ಸುಮಾರು 10,000 ಅಡಿ ಉದ್ದದ ರನ್‌ವೇ ಹಾಸಿತು. 1983ರ ನವೆಂಬರಿನಲ್ಲಿ ಅಣ್ವಸ್ತ್ರ ಹೊರುವ ಕ್ರೂಸ್ ಕ್ಷಿಪಣಿಗಳು ಬಂದಿಳಿದವು.

ಅದಕ್ಕೂ ಮುನ್ನವೇ, 1981ರ ಸೆಪ್ಟೆಂಬರಿನಲ್ಲಿ, ವೇಲ್ಸ್‌ನ ಕಾರ್ಡಿಫ್‌ನಿಂದ ನಡೆದು ಬಂದ ಮಹಿಳೆಯರು ನೆಲೆಯ ಬಾಗಿಲಲ್ಲಿ ಬೀಡುಬಿಟ್ಟಿದ್ದರು. 1982ರ ಡಿಸೆಂಬರ್ 12ರಂದು ಸುಮಾರು 30,000 ಮಹಿಳೆಯರು ಕೈಕೈ ಹಿಡಿದು ಬೇಲಿಯನ್ನು ಸುತ್ತುವರಿದರು. ಇವರನ್ನು ತಡೆಯಲು ಸರಕಾರ 1985ರಲ್ಲಿ ಪ್ರವೇಶ ನಿಷೇಧದ ಉಪನಿಯಮಗಳನ್ನು ರಚಿಸಿತು. ಅವುಗಳನ್ನು ಮೀರಿದರೆಂದು ಶಿಕ್ಷೆಗೊಳಗಾದ ಇಬ್ಬರು ಮಹಿಳೆಯರ ಮೊಕದ್ದಮೆ ದೇಶದ ಅತ್ಯುನ್ನತ ನ್ಯಾಯಪೀಠವನ್ನು ಮುಟ್ಟಿತು. ಸಾಮಾನ್ಯ ಭೂಮಿಯ ಮೇಲಿನ ಜನರ ಹಕ್ಕಿಗೆ ಧಕ್ಕೆ ತರುವ ಉಪನಿಯಮಗಳನ್ನು 1892ರ ಸೈನಿಕ ಭೂಮಿ ಕಾನೂನೇ ನಿಷೇಧಿಸಿದೆಯೆಂದು ಪೀಠವು 1990ರಲ್ಲಿ ಆ ನಿಯಮಗಳನ್ನು ಅಸಿಂಧುಗೊಳಿಸಿತು. ಆ ಇಬ್ಬರಿಗೆ ಅಲ್ಲಿ ಮೇವಿನ ಹಕ್ಕಿರಲಿಲ್ಲ. ಆದರೂ ಊರವರ ಹಕ್ಕೇ ಅವರನ್ನು ಕಾಯಿತು.

1987ರಲ್ಲಿ ಅಮೆರಿಕ–ಸೋವಿಯತ್ ಒಪ್ಪಂದವಾಗಿ, 1991ರಲ್ಲಿ ಕೊನೆಯ ಕ್ಷಿಪಣಿಗಳು ತೆರಳಿದವು. ರನ್‌ವೇಯನ್ನು ಒಡೆದು ತೆಗೆಯಲಾಯಿತು. 2000ದಲ್ಲಿ ಬಯಲು ಜನರಿಗೆ ತೆರೆಯಿತು. 2002ರ ವಿಶೇಷ ಕಾನೂನು ಸಾಮಾನ್ಯ ಹಕ್ಕುಗಳನ್ನು ಮರಳಿಸಿತು. ಇಂದು ಅಲ್ಲಿ ದನಗಳು ಮೇಯುತ್ತವೆ, ಕುರುಚಲು ಪೊದೆಗಳ ನಡುವೆ ನತ್ತಿಂಗ ಹಕ್ಕಿ ನೆಲದಲ್ಲಿ ಮೊಟ್ಟೆಯಿಡುತ್ತದೆ.

ತುರ್ತಿಗೆಂದು ಪಡೆದ ನೆಲ ಮರಳಲು ಸುಮಾರು ಆರು ದಶಕ ಬೇಕಾಯಿತು. ಮರಳಿಸಿದ್ದು ಕೇವಲ ಕಾಗದವಲ್ಲ, ಕೇವಲ ಸತ್ಯಾಗ್ರಹವೂ ಅಲ್ಲ. ಎರಡೂ ಕೂಡಿದ್ದರಿಂದ ಬೇಲಿ ಬಿದ್ದಿತು. ಗೋಮಾಳದ ಗಡಿ ಬಲ್ಲ ಹಿರಿಯರೂ ಪಹಣಿ ಓದಬಲ್ಲ ವಿದ್ಯಾರ್ಥಿಗಳೂ ಒಂದೆಡೆ ಕೂರಬೇಕಾದುದು ಇದಕ್ಕಾಗಿಯೇ. ಬೇಲಿ ಬೀಳುವ ಮುನ್ನವಲ್ಲ, ಏಳುವ ಮುನ್ನ.